ತಗ್ಗಿಗೊಂದು ದೊಡ್ಡಕ್ಷರ

ಅಣೆಕಟ್ಟಿನ ಆಫೀಸಿನಲ್ಲಿ ಕರಡು ತಿದ್ದುವವಳನ್ನು ಎಲ್ಲರೂ ಕನ್ನಡಕದಮ್ಮ ಎಂದೇ ಕರೆಯುತ್ತಿದ್ದರು. ಇಂಗ್ಲಿಷ್ ಕೈಪಿಡಿಗಳಲ್ಲಿ ಯಾವುದಕ್ಕೆ ದೊಡ್ಡಕ್ಷರ, ಯಾವುದಕ್ಕೆ ಸಣ್ಣಕ್ಷರ ಎಂಬ ವಿಷಯದಲ್ಲಿ ಅವಳದು ಹಿಡಿದ ಪಟ್ಟು. ಹೆಸರಿನ ಜೊತೆ ಬಂದರೆ ಹುದ್ದೆಗೆ ದೊಡ್ಡಕ್ಷರ. ಒಂಟಿಯಾಗಿ ಬಂದರೆ ಮುಖ್ಯ ಎಂಜಿನಿಯರನೂ ಸಣ್ಣವನೇ, ಕಾವಲುಗಾರನೂ ಸಣ್ಣವನೇ. ಅಣೆಕಟ್ಟಿನ ಗೇಟು ತೆರೆಯುವ ಹೊಸ ಕೈಪಿಡಿಯಲ್ಲಿ ಮುಖ್ಯ ಎಂಜಿನಿಯರರ ಹುದ್ದೆಯನ್ನು ನಲವತ್ತೊಂದು ಕಡೆ ಸಣ್ಣಕ್ಷರಕ್ಕೆ ಇಳಿಸಿದ್ದಳು. ಆ ಮನುಷ್ಯನಿಗೋ ಕೋಪ ಮೂಗಿನ ತುದಿಯಲ್ಲೇ.

ಅವಳ ಜಗಳ ಮಾತ್ರ ಅರವತ್ತೆರಡನೇ ಪುಟದ್ದು. ಅಣೆಕಟ್ಟಿನ ಕೆಳಗಿರುವ ತಗ್ಗು ಎಂಬ ಬಡಾವಣೆಯನ್ನು ಅಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದರು, ಯಾವುದೋ ಗುಂಡಿಯೆಂಬಂತೆ. ಗೇಟು ತೆರೆದು ನೀರು ಬಿಡುವ ಮುನ್ನ ಎಚ್ಚರಿಸಲು ಯಾರಿಗೆಲ್ಲ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಗುಮಾಸ್ತ ದೊಡ್ಡಕ್ಷರದ ಊರುಕೇರಿಗಳನ್ನು ಹೆಕ್ಕಿಯೇ ಮಾಡುತ್ತಿದ್ದ. ತಗ್ಗಿನಲ್ಲಿ ಇನ್ನೂರು ಮನೆ, ಅದರಲ್ಲೊಂದು ಅವಳ ಅಕ್ಕನದು. ನೆನೆದರೆ ಭಯವಾಗುತ್ತಿತ್ತು, ಭಯಕ್ಕಿಂತ ಹೆಚ್ಚು ಸಿಟ್ಟು ಬರುತ್ತಿತ್ತು.

"ನಕ್ಷೇಲಿ ಆ ಹೆಸರಿಲ್ಲ," ಎಂದರು ಮುಖ್ಯ ಎಂಜಿನಿಯರ್ ತಮ್ಮ ಕೋಣೆಯಲ್ಲಿ.

"ಜನ ಇದ್ದಾರೆ. ಆ ಹೆಸರಿಗೆ ಕಾಗದ ಬರುತ್ತೆ, ಬಸ್ಸು ನಿಲ್ಲುತ್ತೆ. ರೂಢಿಲಿರೋ ಹೆಸರಿಗೂ ದೊಡ್ಡಕ್ಷರ ಅಂತ ನಮ್ಮ ನಿಯಮದಲ್ಲೇ ಇದೆ."

ಅವರು ಕುರ್ಚಿಗೆ ಒರಗಿದರು. "ಒಂದು ಕೆಲಸ ಮಾಡೋಣ. ನನ್ನ ನಲವತ್ತೊಂದನ್ನೂ ದೊಡ್ಡದು ಮಾಡಿ, ನಿಮ್ಮ ತಗ್ಗನ್ನ ನಾನು ನೋಡ್ಕೋತೀನಿ. ಇಲ್ಲಾಂದ್ರೆ ನಿಮ್ಮ ಕರಾರು ಮುಗೀತು ಅಂತ ತಿಳ್ಕೊಳ್ಳಿ."

ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎನ್ನುವಂಥ ಮಾತು. ಸುಳ್ಳೇಕೆ, ಒಂದು ಗಳಿಗೆ ಅವಳ ಮನಸ್ಸು ಓಲಾಡಿತು. ಆದರೆ ಇವತ್ತು ದಯೆಯಿಂದ ಕೊಟ್ಟದ್ದನ್ನು ಮುಂದಿನ ಮುದ್ರಣದಲ್ಲಿ ಸಿಟ್ಟಿನಿಂದ ಕಿತ್ತುಕೊಳ್ಳಬಹುದು. ಅಕ್ಕನ ಜೀವ ಇಂಥವರ ಮರ್ಜಿಯಲ್ಲಿ ಇರಕೂಡದು.

ಅವಳು ಕೈಪಿಡಿಯ ಒಪ್ಪಿಗೆ ಹಾಳೆಯನ್ನು ಎಳೆದುಕೊಂಡು, ಅರವತ್ತೆರಡನೇ ಪುಟದಲ್ಲಿರುವ ತಗ್ಗಿನಲ್ಲಿ ಇನ್ನೂರು ಮನೆಗಳಿವೆ, ಫೋನ್ ಮಾಡಲೇಬೇಕು ಎಂದು ಆಕ್ಷೇಪ ಬರೆದು ಸಹಿ ಹಾಕಿದಳು. ಆ ಹಾಳೆಯ ಆಕ್ಷೇಪಕ್ಕೆ ಮುಖ್ಯ ಎಂಜಿನಿಯರೇ ಕೈಯಾರೆ ಉತ್ತರ ಬರೆಯದೆ ಕೈಪಿಡಿ ಅಚ್ಚಿಗೆ ಹೋಗುವಂತಿರಲಿಲ್ಲ.

"ಫೋನ್ ಬೇಡ ಅಂದ್ರೆ ಬೇಡ ಅಂತ ಬರೀರಿ. ಕೆಳಗೆ ನಿಮ್ಮ ಹೆಸರು, ಹುದ್ದೆ. ಹೆಸರಿನ ಜೊತೆ ಇರೋದ್ರಿಂದ ಅದಕ್ಕೆ ದೊಡ್ಡಕ್ಷರ ನಾನೇ ಹಾಕ್ತೀನಿ."

ಅವರು ಪೆನ್ನಿನ ಮುಚ್ಚಳ ತೆಗೆದು ಉತ್ತರದ ಜಾಗಕ್ಕೆ ತಂದರು, ಬರೆಯಲಿಲ್ಲ. ಕಿವಿ ಕೆಂಪಾಯಿತು. ಕೈಪಿಡಿಯ ಅರವತ್ತೆರಡನೇ ಪುಟಕ್ಕೆ ತಿರುವಿ, ತಗ್ಗಿನ ಮೊದಲಕ್ಷರವನ್ನು ತಾವೇ ತಿದ್ದಿದರು.

"ನಾಳೆಯಿಂದ ನೀವು ಬರೋದು ಬೇಡ," ಎಂದರು ತಲೆ ಎತ್ತದೆ.

"ಆಯ್ತು. ಅಲ್ಲಿ ಯಾರಿಗೆ ಫೋನ್ ಮಾಡಬೇಕು ಅಂತಾನೂ ಬರ್ಕೊಳ್ಳಿ."

ನಿಂತಲ್ಲೇ ಅಕ್ಕನ ನಂಬರನ್ನು ಒಂದೊಂದೇ ಅಂಕಿಯಾಗಿ ಹೇಳಿದಳು. ಅವರು ಬರೆದು ಮುಗಿಸುವವರೆಗೂ ಕದಲಲಿಲ್ಲ.