ಟವೆಲಿನಡಿಯ ಮಾತು

ಹುಮಾಳ ಕಿವಿ ಚೆನ್ನಾಗಿತ್ತು, ನಾಲಗೆಗೂ ಏನೂ ಆಗಿರಲಿಲ್ಲ. ನಾಲ್ಕು ವರ್ಷ ತುಂಬಿದರೂ ಮಾತು ಮಾತ್ರ ಬಂದಿರಲಿಲ್ಲ. ಏನು ಬೇಕಾದರೂ ಚೀರುತ್ತಿದ್ದಳು. ಅವಳ ತಾಯಿ ನಿಷತ ಓಡಿ ಬಂದು ನೀರು, ಬಿಸ್ಕೀಟು, ಗೊಂಬೆ, ಚಪ್ಪಲಿ ಎಲ್ಲ ಮುಂದೆ ಸುರಿಯುತ್ತಿದ್ದಳು. ಬೇಕಾದದ್ದು ಸಿಗುವವರೆಗೆ ನಾಲತವಾಡದ ಆ ಓಣಿಯಲ್ಲಿ ಯಾರೂ ಮಧ್ಯಾಹ್ನ ಕಣ್ಣು ಮುಚ್ಚುವಂತಿರಲಿಲ್ಲ. ನನ್ನ ಅಂಗನವಾಡಿಗೂ ನಿಷತ ಮಗಳ ಜೊತೆ ಬಂದು ದಿನವಿಡೀ ಕೂಡುತ್ತಿದ್ದಳು. ಮಗಳು ತನಗೆ ಬೇಕಾದದ್ದನ್ನು ತಾನೇ ಕೇಳಿಕೊಂಡು ಅಲ್ಲಿ ಒಬ್ಬಳೇ ಇದ್ದರೆ ಸರಿ, ಇಲ್ಲದಿದ್ದರೆ ಜೂನಿನಿಂದ ಮಗು ಮನೆಯಲ್ಲೇ ಇರಲಿ ಎಂದು ಅವಳ ಗಂಡ ರಮಜಾನ ಹೇಳಿಬಿಟ್ಟಿದ್ದ. ಆ ಮಾತಿಗೆ ನನಗೆ ಅವನ ಮೇಲೆ ಇವತ್ತಿಗೂ ಸಿಟ್ಟಿದೆ.

ಇಂಥ ಮಕ್ಕಳಿಗೆ ಕಲಿಸುವ ವಿಜಯಶ್ರೀ ಮೇಡಂ ಮುದ್ದೇಬಿಹಾಳದಿಂದ ಬಂದು ಚಿತ್ರದ ಕಾರ್ಡು ಕೊಟ್ಟರು. ನೀರಿಗೊಂದು, ಬಿಸ್ಕೀಟಿಗೊಂದು, ಹೊರಗೆ ಹೋಗಲು ಒಂದು. ಮಗು ಕಾರ್ಡು ಕೈಗಿಟ್ಟ ತಕ್ಷಣ ಅದರಲ್ಲಿರುವುದನ್ನು ಕೊಡಬೇಕು, ತಡ ಮಾಡಬಾರದು, ಇಷ್ಟೇ ನಿಯಮ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗಿಂತ ಜೋರಾಗಿ ಆಡಿಸಿದವರು ಹುಮಾಳ ಮುತ್ಯಾ, ರಮಜಾನನ ತಂದೆ ಮುರ್ತುಜಾಸಾಬರು.

ಅವರು ನಲವತ್ತು ವರ್ಷದಿಂದ ದನದ ಸಂತೆಯಲ್ಲಿ ದಲ್ಲಾಳಿ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲಿನ ಅಡಿ ಕೈ ಹಿಡಿದು, ಬೆರಳು ಒತ್ತಿ ಚೌಕಾಸಿ ಮಾಡುತ್ತಾರೆ. ಮೂರನೆಯ ದಿನ ನಾನು ಅವರ ಮನೆಗೆ ಹೋದಾಗ ಹುಮಾ ಬಿಸ್ಕೀಟಿನ ಕಾರ್ಡು ಕೊಟ್ಟಳು. ಮುತ್ಯಾ ಹೆಗಲ ಟವೆಲು ಎಳೆದು ಅವಳ ಕೈ ಮೇಲೆ ಹೊದಿಸಿ, ಒಳಗೊಂದು ಬೆರಳು ಒತ್ತಿ, ಅರ್ಧ ಬಿಸ್ಕೀಟು ತೋರಿಸಿದರು. ಮಗು ಚೀರಿತು. ನಾನೂ ಹೆಚ್ಚುಕಡಿಮೆ ಚೀರಿದೆ.

“ಕೇಳಿದ್ ಕೂಡ್ಲೆ ಕೊಟ್ಟಬಿಟ್ರ ಆಕಿ ವ್ಯವಹಾರ ಯಾವಾಗ ಕಲೀಬೇಕ್ರಿ ಅಕ್ಕೋರ?” ಎಂದರು ಅವರು.

ವಾರ ಬಿಟ್ಟು ಹೋದರೆ ಕಾರ್ಡುಗಳು ಗೂಟಕ್ಕೆ ಜೋತುಬಿದ್ದಿದ್ದವು. ಚೀರಾಟವೂ ಇರಲಿಲ್ಲ. ಹುಮಾ ಮುತ್ಯಾನ ಟವೆಲು ಎಳೆದು, ಅದರಡಿ ಕೈ ತೂರಿಸಿ ಬೆರಳು ಒತ್ತುತ್ತಿದ್ದಳು. ಒಂದು ಬೆರಳಿಗೆ ನೀರು, ಎರಡಕ್ಕೆ ಬಿಸ್ಕೀಟು, ಮೂರಕ್ಕೆ ಹೊರಗೆ. ನನಗೆ ಒಳಗೊಳಗೇ ಸಂತೋಷ, ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ಊರಿನವರೆಲ್ಲ ಇನ್ನು ಹೆಗಲ ಮೇಲೆ ಟವೆಲು ಹಾಕಿಕೊಂಡೇ ತಿರುಗಬೇಕೇ ಎಂದು ರೇಗಿ, ವಿಜಯಶ್ರೀ ಮೇಡಂಗೆ ಫೋನ್ ಹಚ್ಚಿ ದೂರಿದೆ. ಅವರು ನಕ್ಕುಬಿಟ್ಟರು. ಕೇಳುವುದು ಬಂತಲ್ಲ, ಕಾರ್ಡನ್ನೂ ಬಿಡಬೇಡಿ, ಸದ್ಯಕ್ಕೆ ನೀವೇ ಆ ಬೆರಳಿನ ಮಾತು ಕಲಿಯಿರಿ ಎಂದರು.

ಹಾಗಾಗಿ ಮುರ್ತುಜಾಸಾಬರು ಅಂಗನವಾಡಿಗೆ ಬಂದು ನನಗೂ ಸಹಾಯಕಿ ಬಾಳಮ್ಮನಿಗೂ ಪಾಠ ಹೇಳಿದರು. ಮೊದಲ ದಿನ ಹುಮಾ ನೀರು ಕೇಳಿದರೆ ಬಾಳಮ್ಮ ಹೊರಗೆ ಹೋಗಲೆಂದು ತಿಳಿದು ಚಪ್ಪಲಿ ತಂದಳು. ಮಗು ಅವಳ ಕೈಯನ್ನು ಮತ್ತೆ ಒಳಗೆಳೆದು, ದಡ್ಡ ವಿದ್ಯಾರ್ಥಿಗೆ ತಿದ್ದಿಸುವಂತೆ ನಿಧಾನವಾಗಿ ಒತ್ತಿತು. ಉಳಿದ ಮಕ್ಕಳು ಸುಮ್ಮನಿರುತ್ತಾರೆಯೇ? ಮೊಟ್ಟೆ ಹಂಚುವ ಹೊತ್ತಿಗೆ ಹದಿನೇಳು ಮಕ್ಕಳು ಕರವಸ್ತ್ರ, ಲಂಗದ ಅಂಚು, ಕೈಗೆ ಸಿಕ್ಕಿದ್ದನ್ನು ಹೊದಿಸಿ ಬಾಳಮ್ಮನ ಬೆರಳು ಹಿಂಡತೊಡಗಿದರು. ತಾನು ಸೇರಿದ್ದು ಅಂಗನವಾಡಿಗೋ ದನದ ಸಂತೆಗೋ ಎಂದು ಅವಳು ಗೊಣಗಿದಳು. ಆದರೆ ಉಳಿದ ಮಕ್ಕಳು ಹುಮಾಳ ಹತ್ತಿರ ತಾವಾಗಿ ಬಂದು ಕೂತದ್ದು ಅದೇ ಮೊದಲು.

ಸೋಮವಾರ ಅರ್ಧ ಗಂಟೆ ಹೊರಗೆ ಹೋಗಿ ನೋಡು ಎಂದು ನಿಷತಳಿಗೆ ಹೇಳಿದೆ. ಅವಳು ಬಾಗಿಲವರೆಗೆ ಹೋಗಿ, ನೀರಿನ ಬಾಟಲಿ ನೋಡುವ ನೆಪದಲ್ಲಿ ತಿರುಗಿ ಬಂದಳು. ಮತ್ತೆ ಹೋಗಿ, ಮಗಳ ಜಡೆ ಸರಿಮಾಡಲು ಬಂದಳು. ಮೂರನೆಯ ಸಲ ಬಂದಾಗ ಹುಮಾ ಎದ್ದು ನಿಂತಳು. ತಾಯಿಯ ತಲೆಯ ಮೇಲಿನ ಓಡ್ನಿಯನ್ನು ಎಳೆದು ಅವಳ ಕೈ ಮುಚ್ಚಿ, ಅವಳ ಬೆರಳುಗಳನ್ನೆಲ್ಲ ಒಂದೊಂದಾಗಿ ಮಡಚಿ ಮುಷ್ಟಿ ಮಾಡಿ, ಆ ಮುಷ್ಟಿಯನ್ನು ಹೊರಗೆ ತಳ್ಳಿದಳು.

ನಿಷತಳ ಮುಖ ಬಿಳಿಚಿಕೊಂಡಿತು. “ಇದೇನಂದ್ಲು ಮಾಮಾ?” ಎಂದು, ಅಂದೂ ಪಾಠಕ್ಕೆ ಬಂದು ಬಾಗಿಲ ಬಳಿ ಕೂತಿದ್ದ ಮಾವನನ್ನು ಕೇಳಿದಳು.

ಮುರ್ತುಜಾಸಾಬರು ಗಡ್ಡ ಕೆರೆದುಕೊಂಡರು. ಇದನ್ನು ತಾವು ಕಲಿಸಿಲ್ಲ, ಸಂತೆಯಲ್ಲಿ ತಮ್ಮ ತೊಡೆಯ ಮೇಲೆ ಕೂತು ಮಗುವೇ ನೋಡಿಕೊಂಡಿರಬೇಕು ಎಂದರು.

“ವ್ಯವಹಾರ ಮುಗೀತು, ನೀ ಇನ್ನ ನಡಿ ಅನ್ನಾಕತ್ತಾಳ.”

ನಿಷತ ಬಾಗಿಲಲ್ಲೇ ಕುಸಿದು ಕೂತು ನಕ್ಕಳು, ನಗುತ್ತಲೇ ಅತ್ತಳು. ನಾಲ್ಕು ವರ್ಷ ಮಗಳ ಒಂದು ಮಾತಿಗಾಗಿ ಕಾದವಳಿಗೆ ಸಿಕ್ಕ ಮಾತು ಇದು. ನನಗೂ ಕಣ್ಣು ತುಂಬಿತು. ಆಮೇಲೆ ಅವಳು ಮುಖ ಒರೆಸಿಕೊಂಡು, ಓಡ್ನಿಯ ಅಡಿ ಮತ್ತೆ ಕೈ ಚಾಚಿ, ಐದೇ ನಿಮಿಷ ಇರುತ್ತೇನೆಂದು ಐದೂ ಬೆರಳು ಬಿಡಿಸಿದಳು. ಹುಮಾ ಒಪ್ಪಲಿಲ್ಲ.