ಒಳಗಿನ ನಾಲ್ಕು ನಟ್ಟು

ನವೆಂಬರಿನ ಎರಡನೇ ಭಾನುವಾರ ನಮ್ಮ ಓಣಿಯ ಎಲ್ಲ ಮನೆಗಳ ಮುಂದೆಯೂ ಕಾರುಗಳು ಜಾಕ್ ಮೇಲೆ ನಿಂತಿರುತ್ತವೆ. ಘಟ್ಟದಲ್ಲಿ ಹಿಮ ಬೀಳುವ ಮೊದಲು ಹಿಮದ ಟೈರು ಹಾಕಿಕೊಳ್ಳಬೇಕು. ಹೋದ ವರ್ಷ ಆ ದಿನ ನಮ್ಮ ಓಣಿಯ ತೆತ್ಸುರೊ ಕೂಡ ತನ್ನ ಪುಟ್ಟ ಬಿಳಿ ಕಾರಿನ ಟೈರು ಬದಲಿಸಿ ಕೈ ಒರೆಸಿಕೊಳ್ಳುತ್ತಿದ್ದ. ಮರುದಿನ ಬೆಳಿಗ್ಗೆ ತಾಯಿ ಸುಮಿಯೊ ಅವರನ್ನು ಘಟ್ಟ ದಾಟಿಸಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ವಾರಕ್ಕೆ ಮೂರು ಸಲ ಅದೇ ದಾರಿ.

ಪಕ್ಕದ ಮನೆಯ ಮಿಸಾವೊ ಮೂವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರು. ನಟ್ಟಿನ ಬಿಗಿ ಅಳೆಯುವ ಸ್ಪ್ಯಾನರ್ ಹಿಡಿದು ಪ್ರತಿ ವರ್ಷ ಆ ದಿನ ಮನೆಮನೆಗೂ ಹೋಗುತ್ತಾರೆ. ತೆತ್ಸುರೊನ ಕಾರಿನ ಮುಂದೆ ನಿಂತುಬಿಟ್ಟರು.

"ಏನಪ್ಪಾ, ನಿನ್ನ ಗಾಲಿಗಳು ಹೊರಗೆ ಇಣುಕ್ತಾ ಇವೆ?"

"ಸ್ಪೇಸರ್ ಹಾಕಿದೀನಿ ಅಕ್ಕ, ಏಪ್ರಿಲ್‌ನಲ್ಲಿ. ಗಾಲಿ ಹಿಂದೆ ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ."

"ಯಾಕೆ, ಯಾರಾದ್ರೂ ತಿರುಗಿ ನೋಡ್ಲಿ ಅಂತಾನಾ? ವಯಸ್ಸು ನಲವತ್ತೈದು ನಿಂಗೆ."

ತೆತ್ಸುರೊ ನಗಲಿಲ್ಲ. "ಹೋದ ಚಳಿಗಾಲ ಅಮ್ಮ ಕೂತಿದ್ದಾಗ ಘಟ್ಟದ ತಿರುವಲ್ಲಿ ಕಾರು ಅಡ್ಡ ಜಾರ್ತು. ಕಾಲು ಅಗಲಿಸಿ ನಿಂತ್ರೆ ಬೀಳಲ್ವಲ್ಲ, ಹಾಗೇ ಅಂದ್ಕೊಂಡೆ."

ಮಿಸಾವೊ ಅವರ ದನಿ ಮೆತ್ತಗಾಯಿತು. "ಮಂಜುಗಡ್ಡೆ ಮೇಲೆ ಹಿಡಿತ ಕೊಡೋದು ಟೈರು ಕಣಪ್ಪ, ಬಿಲ್ಲೆ ಅಲ್ಲ. ಅಕ್ಕಿ ಚೀಲ ಮೈಗೆ ಒತ್ಕೊಂಡು ಹಿಡಿ, ಆಮೇಲೆ ಕೈ ಚಾಚಿ ಹಿಡಿದು ನೋಡು. ಗಾಲಿ ಹೊರಗೆ ಹೋದಷ್ಟೂ ಅದನ್ನ ಹೊತ್ತು ತಿರುಗಿಸೋ ಬೇರಿಂಗಿಗೆ ಆ ಥರ ಭಾರ. ಒಂದು ಗಾಲಿ ಹಿಮದಲ್ಲಿ ಸಿಕ್ಕಿದ್ರೆ ಸ್ಟಿಯರಿಂಗೂ ಜೋರಾಗಿ ಎಳೆಯತ್ತೆ."

"ಅದಕ್ಕೇ ಅನ್ನು," ಜಗಲಿಯಲ್ಲಿ ಮೂಲಂಗಿ ತೊಳೆಯುತ್ತಿದ್ದ ಸುಮಿಯೊ ಅಂದರು, "ಈಗೀಗ ಕುದುರೆ ಲಗಾಮು ಹಿಡಿದಂಗೆ ಹಿಡ್ಕೊಂಡಿರ್ತಾನೆ."

"ಗಟ್ಟಿ ಮಾಲು ಅಂತ ಅಂಗಡಿಯವನು ಹೇಳಿದ. ನಟ್ಟೆಲ್ಲ ಈಗಷ್ಟೇ ಬಿಗಿ ಮಾಡಿದೀನಿ."

"ಅದು ಹೊರಗಿನದು. ಒಳಗಿನದು?"

ತೆತ್ಸುರೊನ ಕೈಯಲ್ಲಿದ್ದ ಬಟ್ಟೆ ನಿಂತಿತು. ಬಿಲ್ಲೆಯನ್ನು ಕಾರಿಗೆ ಹಿಡಿದಿರುವುದು ಬೇರೆ ನಾಲ್ಕು ನಟ್ಟು. ಗಾಲಿ ಹಾಕಿದರೆ ಅವು ಮುಚ್ಚಿಹೋಗುತ್ತವೆ. ಗಾಲಿ ಬಿಚ್ಚಿದಾಗಲೂ ಅವನು ಅವನ್ನು ಮುಟ್ಟಿರಲಿಲ್ಲ.

ಎಡಗಡೆಯ ಹಿಂದಿನ ಗಾಲಿ ಬಿಚ್ಚಿದರು. ನಟ್ಟು ಬಿಗಿಯಾಗಿದ್ದರೆ ಆ ಸ್ಪ್ಯಾನರ್ ಕಟ್ ಎನ್ನುತ್ತದೆ. ಮೊದಲನೆಯದಕ್ಕೆ ಕಟ್ ಎಂದಿತು. ಎರಡನೆಯದು ಸದ್ದಿಲ್ಲದೆ ಅರ್ಧ ಸುತ್ತು ತಿರುಗಿತು. ಮೂರನೆಯದನ್ನು ಮಿಸಾವೊ ಬರಿ ಬೆರಳಿನಿಂದ ತಿರುಗಿಸಿದರು.

ಸುಮಿಯೊ ಒದ್ದೆ ಕೈಯಲ್ಲೇ ಬಂದು ನೋಡಿದರು. "ನಾಳೆ ನಾನು ಇದರ ಮೇಲೆ ಕೂತು ಘಟ್ಟ ಇಳೀತಿದ್ನಾ?"

"ನಿನಗೋಸ್ಕರಾನೇ ಹಾಕಿದ್ದು ಅಮ್ಮ."

"ಗೊತ್ತು ಕಣೋ. ಈಗ ನನಗೋಸ್ಕರಾನೇ ತೆಗಿ."

ನಾಲ್ಕೂ ಬಿಲ್ಲೆ ತೆಗೆದರು. ನಟ್ಟು ಕೂರುವ ಒಂದು ಬೋಲ್ಟಿನ ತಿರುಪಿನ ಗೆರೆಗಳು ಸವೆದಿದ್ದವು. ಮಿಸಾವೊ ತಮ್ಮ ಹಳೆಯ ಗ್ಯಾರೇಜಿನಿಂದ ಹೊಸದು ತಂದು ಕತ್ತಲಾಗುವ ಮೊದಲೇ ಹಾಕಿಕೊಟ್ಟರು. ಅವರು ಹೇಳಿದ್ದಂತೆ ನೂರು ಕಿಲೋಮೀಟರ್ ಓಡಿದ ಮೇಲೆ, ಬುಧವಾರ, ತೆತ್ಸುರೊ ಅವರದೇ ಸ್ಪ್ಯಾನರ್ ಹಿಡಿದು ಆಸ್ಪತ್ರೆಯ ಅಂಗಳದಲ್ಲೇ ಮತ್ತೆ ಬಿಗಿ ನೋಡಿದ. ಸುಸ್ತಾಗಿ ಕಾರಿನೊಳಗೆ ಕೂತಿದ್ದ ಸುಮಿಯೊ ಕಿಟಕಿ ಇಳಿಸಿದರು. "ಹದಿನಾರು ಸಲ ಕಟ್ ಅಂತು. ಎಣಿಸಿದೀನಿ. ನಡಿ ಮನೆಗೆ."

ಓದುವವರೇ, ಸ್ಪೇಸರ್ ಹಾಕಿದ ಗಾಲಿಯೆಲ್ಲ ಕಳಚುತ್ತದೆ ಎಂದು ಹೆದರಿಸಲು ಇದನ್ನು ಬರೆದಿಲ್ಲ. ಆದರೆ ಅಗತ್ಯವಿಲ್ಲದಿದ್ದರೆ ಹಾಕಿಸಬೇಡಿ. ಹಳೆಯ ಕಾರು ಕೊಂಡಿದ್ದರೆ, ಗಾಲಿಯ ಹಿಂದೆ ಬಿಲ್ಲೆ ಇದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಇದ್ದರೆ ಅದು ನಿಮ್ಮ ಕಾರಿನದೇ ಅಳತೆಯದೋ, ನಟ್ಟು ಬೋಲ್ಟಿನ ಮೇಲೆ ಸಾಕಷ್ಟು ಸುತ್ತು ಕೂತಿದೆಯೋ ಕೇಳಿ. ಸ್ಟಿಯರಿಂಗ್ ನಡುಗಿದರೆ ಅಥವಾ ಎಳೆದರೆ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಈ ಭಾನುವಾರ ಗಾಲಿ ಬಿಚ್ಚಿದಾಗ, ದಯವಿಟ್ಟು, ಒಳಗಿನ ನಟ್ಟಿಗೂ ಒಮ್ಮೆ ಸ್ಪ್ಯಾನರ್ ಹಾಕಿ. ನಿಮ್ಮ ಕಾರಿನಲ್ಲೂ ನಿಮ್ಮನ್ನೇ ನಂಬಿ ಯಾರೋ ಕೂತಿರುತ್ತಾರೆ.