ಸಾತಲಿಂಗಪ್ಪನ ಫೋನು

ಯೋಗಿರಾಜನ ಗಂಟಲಲ್ಲಿ ಊರಿಗೆ ಊರೇ ಬಾಡಿಗೆಗಿತ್ತು. ಸೊಲ್ಲಾಪುರದಲ್ಲಿ ಬಿ.ಎ. ಮುಗಿಸಿ, ಮನೆಯ ಬಟ್ಟೆ ಅಂಗಡಿಯಲ್ಲಿ ಅರಿವೆ ಹರಿಯುವುದಕ್ಕಿಂತ ಗಿರಾಕಿಗಳ ದನಿ ನಕಲು ಮಾಡುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತಿದ್ದವ, ಸೀತನಿ ಹಂಗಾಮಿಗೆ ಅಕ್ಕಲಕೋಟೆ ಕಡೆಯ ಸೋದರಮಾವ ಬಂಡೆಪ್ಪನ ಹೊಲಕ್ಕೆ ಬಂದಿದ್ದ. ಎಳೆಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ತಿನ್ನಲು ಶಹರದ ಮಂದಿ ಅಲ್ಲಿ ಮುಗಿಬೀಳುತ್ತಿದ್ದರು. ಅವರ ಮೋಜಿಗೆಂದು ಬಂಡೆಪ್ಪ ಈ ವರ್ಷ ನಾಲ್ಕು ಗಾಲಿಯ ಬೈಕೊಂದನ್ನು ತಂದಿದ್ದ. ಹೊಲ, ಹಳ್ಳ, ಬದು ಎಲ್ಲಾ ಹತ್ತುವಂಥದ್ದು.

ರವಿವಾರ ಯೋಗಿರಾಜ ಅದರ ಸೀಟಿನ ಮೇಲೆ ನಿಂತು ಪೊಲೀಸ್ ಫೌಜದಾರನ ದನಿ ತೆಗೆದ: "ಏ, ಐಕಾ, ಕೇಳ್ರಿ! ಹೆಲ್ಮೆಟ್ ಪಾಯಿಜೆ, ಬೇಕಽ ಬೇಕು! ಲೈಸನ್ಸ್ ಇಲ್ಲದ ಪೋರಗೋಳು ಹತ್ತಿದ್ರ ಅಪ್ಪಗ ಚೌಕಿ, ಅವ್ವಗ ಚಿಂತಿ!"

ಮಂದಿ ಹೊಟ್ಟೆ ಹಿಡಿದು ನಕ್ಕರು. ಕಾನೂನು ಕಿವಿಗೆ ಬಿತ್ತು, ತಲೆಗೆ ಏರಲಿಲ್ಲ, ಹೆಲ್ಮೆಟ್ಟೂ ಏರಲಿಲ್ಲ. ಆ ನಗುವಿನ ನಡುವೆಯೇ ಬಂಡೆಪ್ಪನ ಹನ್ನೆರಡರ ಮಗಳು ಪ್ರಣಿತಾ ಬೈಕು ಹತ್ತಿ ಹೊಂಟಳು. ಬದು ಏರುವಾಗ ಅದು ಮಗುಚಿತು. ಅಡಿಯಲ್ಲಿ ಅವಳ ಬಲ ಮೊಣಕೈ.

ಆ ಸೀಮೆಯಲ್ಲಿ ಎಲುಬು ಮುರಿದರೆ ಮೊದಲು ನೆನಪಾಗುವವ ಸಾತಲಿಂಗಪ್ಪ. ಬಂದ, ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಕೈ ಜಗ್ಗಿದ, ಬಿದಿರ ದಬ್ಬೆ ಇಟ್ಟು ಬಿಗಿದು ಕಟ್ಟಿದ, ಹೋದ. ಅವನ ಕಟ್ಟು ಅವನೇ ಬಿಚ್ಚಬೇಕು. ಬೇರೆಯವರು ಮುಟ್ಟಿದರೆ ಎಲುಬು ಕೂಡುವುದಿಲ್ಲ ಎಂದು ಅಲ್ಲಿಯ ನಂಬಿಕೆ.

ಹೊತ್ತು ಇಳಿಯುವಾಗ ಪ್ರಣಿತಾ ಮೆಲ್ಲಗೆ ಅಂದಳು: "ಯೋಗಿ ಅಣ್ಣಾ, ಬೆರಳು ನನ್ನವು ಅಲ್ಲ ಅನಸಾಕತ್ತೈತಿ."

ಮುಟ್ಟಿ ನೋಡಿದ. ತಣ್ಣಗಿದ್ದವು, ಉಗುರು ನೀಲಿಯಾಗಿತ್ತು.

"ಮಾಮಾ, ಕಟ್ಟು ಬಿಚ್ಚೂಣು, ಸೊಲ್ಲಾಪುರ ದವಾಖಾನಿಗಿ ಒಯ್ಯೂಣು. ಕೈ ಹೋಗತೈತಿ!"

ಅತ್ತೆ ನೀಲಾಬಾಯಿ ಅಳುವಿನಲ್ಲೂ ನಕ್ಕುಬಿಟ್ಟಳು. "ನೋಡ್ರಿ, ಈಗ ಡಾಕ್ಟರನ ನಕಲು!"

"ಯಪ್ಪಾ, ಸಾಕು ಮಾಡೋ ಸೋಂಗ," ಎಂದ ಬಂಡೆಪ್ಪ. "ಕಟ್ಟಿದಾಂವ ಹೇಳಲಿ, ಬಿಚ್ಚತೀನಿ."

ಸಾತಲಿಂಗಪ್ಪನಿಗೆ ಹಚ್ಚಿದರೆ ಫೋನು ಬಂದ್. ಯೋಗಿರಾಜ, ಮಾಮನ ಬಳಿ ನಂಬರಿಲ್ಲದ ಹೊಸ ಆಳು ಧೂಳಪ್ಪನ ಮೊಬೈಲು ಇಸಕೊಂಡು ಜೋಳದ ಬೆಳೆಯ ಹಿಂದೆ ಹೋದ. ತಂಬಾಕಿನ ಬದಲು ಹಿಡಿ ಸೀತನಿ ಬಾಯಿಗೆ ತುಂಬಿಕೊಂಡ. ಮಾಮನಿಗೆ ಫೋನು ಹಚ್ಚಿ ಸಾತಲಿಂಗಪ್ಪನ ದನಿ ತೆಗೆದ.

"ಬಂಡೆಪ್ಪಾ... ಸಿವಾ ಸಿವಾ... ನಾ ಸಾತಲಿಂಗ, ಬ್ಯಾರೆಯವರ ಫೋನಿನ್ಯಾಗ. ಬೆರಳು ತಣ್ಣಗಾಗಿದ್ರ ಕಟ್ಟು ಕೊಯ್ದು ಒಗಿ. ದವಾಖಾನಿಗಿ ಹೊಂಡು. ಈಗಿಂದೀಗ!"

ಬಂಡೆಪ್ಪ ಕುಡಗೋಲು ತಂದ.

ಸೊಲ್ಲಾಪುರದ ಡಾಕ್ಟರು ಕೈ ಉಳಿಸಿದರು. ಇನ್ನಷ್ಟು ತಡವಾಗಿದ್ದರೆ ಕತ್ತರಿಸಬೇಕಿತ್ತು ಎಂದರು. ಮೊಣಕೈ ಮಾತ್ರ ಮೊದಲಿನಂತೆ ಪೂರ್ತಿ ಚಾಚುವ ಭರವಸೆ ಕೊಡಲಿಲ್ಲ.

ಊರಿಗೆ ಮರಳಿದ ಬಂಡೆಪ್ಪ, ಫೋನು ಮಾಡಿ ಕೈ ಉಳಿಸಿದಿ ಎಂದು ಸಾತಲಿಂಗಪ್ಪನಿಗೆ ಶಾಲು ಹೊದಿಸಿದ. ಆತ ಕ್ಷಣ ಕಣ್ಣು ಪಿಳುಕಿಸಿ, "ಹೂಂ, ಮನಸಿಗಿ ಬಂತು, ಫೋನ್ ಹಚ್ಚಿದ್ನಿ," ಎಂದ.

ಹಂಗಾಮು ಮುಗಿಯುವ ಮುನ್ನವೇ ಬೈಕು ಮತ್ತೆ ಹೊಲಕ್ಕೆ ಇಳಿಯಿತು. ಹೊಸ ಹೆಲ್ಮೆಟ್ಟು ಹ್ಯಾಂಡಲಿಗೆ ತೂಗುತ್ತಿತ್ತು. ಪಕ್ಕದ ಹೊಲದ ಅಮೃತಪ್ಪ ತನ್ನ ಮೊಮ್ಮಗನನ್ನು ಎತ್ತಿ ಸೀಟಿನ ಮೇಲೆ ಕೂರಿಸುತ್ತಿದ್ದ.

"ಅಂಜಬ್ಯಾಡ್ರಿ," ಎಂದ ಬಂಡೆಪ್ಪ. "ಏನಾರ ಆದ್ರ ಸಾತಲಿಂಗಪ್ಪ ಅದಾನ. ಕೆಟ್ರ ತಾನಽ ಫೋನ್ ಮಾಡಿ ಹೇಳತಾನ."

ಯೋಗಿರಾಜ ಮುಂದೆ ಬಂದ. "ಮಾಮಾ, ಆ ಫೋನ್ ಮಾಡಿದಾಂವ ನಾನು."

ಎಲ್ಲರೂ ನಕ್ಕರು. "ಇದು ಯಾರ ದನಿಲೇ?" ಕೇಳಿದ ಅಮೃತಪ್ಪ. "ಬರೋಬರ್ ಕೂಡವಲ್ದು!"

"ನಂದು," ಎಂದ ಯೋಗಿರಾಜ. ನಗು ಇನ್ನೂ ಜೋರಾಯಿತು.

ಪ್ರಣಿತಾ ಮಾತ್ರ ನಗಲಿಲ್ಲ. ಬೈಕಿನ ಹತ್ತಿರ ಹೋಗಿ ಎಡಗೈಯಿಂದ ಚಾವಿ ಕಿತ್ತುಕೊಂಡಳು.

"ಕೊಡವ್ವಾ, ಮಂದಿ ಕಾಯಾಕತ್ಯಾರ," ಎಂದು ಬಂಡೆಪ್ಪ ಕೈ ಚಾಚಿದ.

ಅವಳು ಎಡಗೈ ಬೆನ್ನ ಹಿಂದೆ ಒಯ್ದಳು. ಬಲಗೈ ಹಿಂದೆ ಹೋಗಲಿಲ್ಲ; ಅರ್ಧ ಮಡಚಿಕೊಂಡು ಅಪ್ಪನ ಕಣ್ಣೆದುರಿಗೇ ನಿಂತಿತ್ತು.

ಬಂಡೆಪ್ಪ ಚಾಚಿದ ಕೈ ಇಳಿಸಿದ.